ಮೂವತ್ತೇಳನೆಯ ಫ್ರೇಮು

ಕೊಟ್ಟಿಗೆಹಾರದಲ್ಲಿ ಬಸ್ಸು ನಿಲ್ಲುವ ಜಾಗದಿಂದ ನಾಲ್ಕು ಅಂಗಡಿ ಆಚೆಗೆ ಶಂಭುವಿನ ಫೋಟೋ ಸ್ಟುಡಿಯೋ. ಸುತ್ತಮುತ್ತಲಿನ ಎಸ್ಟೇಟುಗಳ ಅರ್ಧಕ್ಕರ್ಧ ಮದುವೆ ಆಲ್ಬಮ್ಮುಗಳು ಹೊರಟಿದ್ದು ಅಲ್ಲಿಂದಲೇ. ಯಾವ ಮದುಮಗಳನ್ನು ಎಡಗಡೆಯಿಂದ ತೆಗೆದರೆ ಮೂಗು ಚೆಂದ ಕಾಣುತ್ತದೆ, ಯಾವ ಮಾವನವರನ್ನು ಹಿಂದಿನ ಸಾಲಿಗೆ ನಿಲ್ಲಿಸಿದರೆ ಊಟ ಬಿಟ್ಟು ಎದ್ದು ಹೋಗುತ್ತಾರೆ ಎನ್ನುವುದೆಲ್ಲ ಅವನಿಗೆ ಬಾಯಿಪಾಠ. ಊರವರ ಮುಖವನ್ನೆಲ್ಲ ಹೀಗೆ ಹಿಡಿದಿಟ್ಟ ಈ ಪುಣ್ಯಾತ್ಮನ ಹತ್ತಿರ ಸ್ವಂತ ಮಗಳದ್ದು ಅಂತ ಇದ್ದಿದ್ದು ಒಂದೇ ಒಂದು ಫೋಟೋ. ಹೇಳಿದರೆ ಯಾರೂ ನಂಬುವುದಿಲ್ಲ, ಆದರೆ ನಿಜ.

ಹಾಗಂತ ಅವನಿಗೆ ಮಗಳ ಮೇಲೆ ಪ್ರೀತಿ ಇರಲಿಲ್ಲ ಅಂತಲ್ಲ. ನಾಮಕರಣದ ದಿನ ಒಂದಿಡೀ ರೋಲು ತೆಗೆದಿದ್ದ. ಆಮೇಲೆ ನೋಡಿದರೆ ಫಿಲ್ಮು ಕ್ಯಾಮೆರಾದ ಹಲ್ಲಿಗೆ ಸಿಕ್ಕಿರಲೇ ಇಲ್ಲ. ಮೂವತ್ತಾರು ಸಲ ಒತ್ತಿದ್ದೂ ಗಾಳಿಗೆ ಹೋಗಿತ್ತು. ಮರ್ಯಾದೆ ಪ್ರಶ್ನೆ, ಯಾರಿಗೂ ಬಾಯಿ ಬಿಡಲಿಲ್ಲ. ಅಲ್ಲಿಂದ ಮುಂದೆ ಇವತ್ತು ತೆಗೆದರಾಯಿತು, ನಾಳೆ ತೆಗೆದರಾಯಿತು. ಕ್ಯಾಮೆರಾ ಮನೆಯಲ್ಲೇ ಇದೆ, ಮಗುವೂ ಮನೆಯಲ್ಲೇ ಇದೆ, ಅವಸರವೇನು? ಫಿಲ್ಮಿನ ಒಂದೊಂದು ಫ್ರೇಮೂ ಗಿರಾಕಿಯದ್ದು. ಹೆಂಡತಿ ತುಂಗಾ ವರ್ಷಕ್ಕೆ ಹತ್ತು ಸಲವಾದರೂ ನೆನಪಿಸುತ್ತಿದ್ದಳು, ಇವನು ಹತ್ತು ಸಲವೂ ಹೂಂ ಅನ್ನುತ್ತಿದ್ದ.

ಹುಷಾರಾಗಿ ಹಾಕಿದರೆ ಮೂವತ್ತಾರರ ರೋಲಿನಲ್ಲಿ ಕೊನೆಗೆ ಒಂದು ಫ್ರೇಮು ಹೆಚ್ಚಿಗೆ ಸಿಗುತ್ತದೆ. ರುದ್ರಪ್ಪನವರ ಮಗಳು ದೀಪಶ್ರೀಯ ಮದುವೆ ಮುಗಿಸಿ ಬಂದ ದಿನ ಹಾಗೊಂದು ಉಳಿದಿತ್ತು. ರೋಲು ಬಿಚ್ಚುವ ಮೊದಲು ಅದನ್ನು ಮುಗಿಸಬೇಕಲ್ಲ ಎಂದು, ಸ್ಟುಡಿಯೋದ ಮೆಟ್ಟಿಲ ಮೇಲೆ ಕೂತಿದ್ದ ಮೂರೂವರೆ ವರ್ಷದ ಮಗಳು ಪಂಚಮಿಯ ಕಡೆ ಕ್ಯಾಮೆರಾ ತಿರುಗಿಸಿ ಒತ್ತಿಬಿಟ್ಟ. ಪಕ್ಕಕ್ಕೆ ಕೂತ್ಕೋ ಅಂತಲೂ ಹೇಳಲಿಲ್ಲ, ಇಲ್ಲಿ ನೋಡು ಅಂತಲೂ ಹೇಳಲಿಲ್ಲ. ಆರು ತಿಂಗಳಿಗೆ ಮಳೆಗಾಲದಲ್ಲಿ ಮಗುವಿಗೆ ಜ್ವರ ಬಂತು. ಜೀಪಿನಲ್ಲಿ ಘಾಟಿ ಇಳಿಸಿ ಮಂಗಳೂರು ಮುಟ್ಟಿಸುವಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು.

ನೆಗೆಟಿವ್ ಪದ್ಧತಿಯಂತೆ ಆಲ್ಬಮ್ಮಿನ ಜೊತೆಗೇ ಮದುವೆ ಮನೆಗೆ ಹೋಗಿತ್ತು. ಹದಿಮೂರನೆಯ ದಿನ ಕಳೆದ ಮೇಲೆ ಶಂಭು ರುದ್ರಪ್ಪನವರ ಮನೆಗೆ ಹೋಗಿ ಕೇಳಿದ. ಅವರು ಪಾಪ, ತಾವೇ ಬೀರುವನ್ನೆಲ್ಲ ಕೆದಕಿ ಲಕೋಟೆ ಹುಡುಕಿ ಕೊಟ್ಟರು. ಒಳಗೆ ನೆಗೆಟಿವ್ ಪಟ್ಟಿಗಳು ಥಂಡಿಗೆ ಒಂದಕ್ಕೊಂದು ಅಂಟಿ ಗಟ್ಟಿ ಹಲಗೆಯಾಗಿದ್ದವು. ಹಾಗಾಗಿ ಉಳಿದದ್ದು, ಗಾಜು ಹಾಕಿಸಿ ದೇವರ ಕೋಣೆಯ ಗೋಡೆಗೆ ತೂಗಿಸಿದ್ದ ಆ ಒಂದು ಪ್ರಿಂಟು.

ಮೂರು ಮಳೆಗಾಲದಲ್ಲಿ ಆ ಪ್ರಿಂಟೂ ಗಾಜಿಗೆ ಅಂಟಿಕೊಂಡಿತು. ಬೂಷ್ಟು ಮೂಲೆಯಿಂದ ಹೊರಟು, ಫ್ರಾಕಿನ ಮೇಲೆ ಹತ್ತಿ, ಕೊನೆಗೆ ಬಾಯಿಯ ಹತ್ತಿರ ಬಂದು ನಿಂತಿತು. ಬೇರೆಯವರ ಮನೆಯ ಫೋಟೋಗೆ ಬೂಷ್ಟು ಬಂದರೆ ಮುನ್ನೂರು ಉಪದೇಶ ಹೇಳುವ ಶಂಭು ತನ್ನ ಮನೆಯ ಗೋಡೆಯ ಕಡೆ ತಲೆ ಎತ್ತಿ ನೋಡಿರಲಿಲ್ಲ. ನೋಡಲು ಆಗುತ್ತಿರಲಿಲ್ಲ ಎನ್ನುವುದೂ ನಿಜವೇ.

ಒಂದು ಬೆಳಿಗ್ಗೆ ಅಕ್ಕಿ ತೊಳೆಯುತ್ತ ತುಂಗಾ ಹೇಳಿದಳು, "ಇತ್ತೀಚೆ ನಂಗೆ ಅವಳ ಬಾಯಿ ನೆನಪಾಗಲ್ಲ. ಕಣ್ಣು ಬರತ್ತೆ, ಹಣೆ ಬರತ್ತೆ. ಬಾಯಿ ಎಂಥ ಮಾಡಿದ್ರೂ ಬರಲ್ಲ." ಅಷ್ಟು ಹೇಳಿ ನೀರು ಬಗ್ಗಿಸಿ ಒಲೆಯ ಕಡೆ ಹೋದಳು. ತನಗೂ ಬರುತ್ತಿಲ್ಲ ಎನ್ನುವುದು ಶಂಭುವಿಗೆ ಆ ಕ್ಷಣಕ್ಕೆ ಗೊತ್ತಾಯಿತು. ಹೇಗಾದರೂ ಮಾಡಿ ಆ ಮುಖವನ್ನು ಸರಿ ಮಾಡಿ ಅವಳ ಕೈಗೆ ಕೊಡಬೇಕು ಎಂದು ಅವತ್ತೇ ನಿಶ್ಚಯ ಮಾಡಿದ.

ಇದು ತೊಂಬತ್ತೆಂಟನೆಯ ಇಸವಿಯ ಮಾತು. ಆ ಹೊತ್ತಿಗೆ ಸ್ಟುಡಿಯೋದಲ್ಲಿ ಒಂದು ಕಂಪ್ಯೂಟರ್ ಬಂದು ಕೂತಿತ್ತು. ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸಿನವರು ಹೊಸದು ಕೊಂಡು ಹಳೆಯದನ್ನು ಹೊರಗೆ ಹಾಕಿದಾಗ, ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಗೆಳೆಯ ಚಂದ್ರಶೇಖರ ಇವನಿಗೆ ಕೊಡಿಸಿದ್ದ. ಫೋಟೋ ಒಳಗೆ ಹಾಕಿ ಕಲೆ ಅಳಿಸಬಹುದು, ಹರಿದದ್ದು ಕೂಡಿಸಬಹುದು ಎಂಬ ಆಸೆಗೆ ಶಂಭು ತಂದಿಟ್ಟುಕೊಂಡಿದ್ದ. ಆದರೆ ಅದರ ಹಾರ್ಡ್ ಡಿಸ್ಕ್‌ಗೆ ಮುಪ್ಪು ಬಂದಿತ್ತು. ಒಂದು ಫೋಟೋ ಸೇವ್ ಮಾಡಲು ಏಳು ನಿಮಿಷ ಕರಕರ ಅನ್ನುತ್ತಿತ್ತು, ಎರಡರಲ್ಲಿ ಒಂದು ಸಲ ನಡುವೆಯೇ ಸುಮ್ಮನಾಗುತ್ತಿತ್ತು. ಒಂದು ಕಲೆ ಅಳಿಸಿ ಒಂದು ಕಾಫಿ ಕುಡಿದು ಬಂದರೂ ಅದು ಕರಕರ ಎನ್ನುತ್ತಲೇ ಇರುತ್ತಿತ್ತು.

ಏಪ್ರಿಲ್ ತಿಂಗಳ ಒಂದು ಶನಿವಾರ ಚಂದ್ರಶೇಖರ ಮೂಡಿಗೆರೆಯ ಬಸ್ಸಿನಲ್ಲಿ ಸ್ಕ್ಯಾನರ್ ಹೊತ್ತು ಬಂದ. ಅದು ಆಫೀಸಿನದ್ದು, ಸೋಮವಾರ ವಾಪಸ್ ಮುಟ್ಟಿಸಬೇಕು. ಜೊತೆಗೆ ಕಂಪ್ಯೂಟರಿನ ಮೆಮೊರಿಗೆ ಹಾಕುವ ಎರಡು ಹಳೆಯ ಪಟ್ಟಿಗಳನ್ನೂ ತಂದಿದ್ದ. ಡಬ್ಬಿ ಬಿಚ್ಚಿ ಅವನ್ನು ಸಿಕ್ಕಿಸಿ, ಹಾರ್ಡ್ ಡಿಸ್ಕಿನ ಸಹವಾಸವೇ ಬೇಡ, ಮೆಮೊರಿಯಲ್ಲೇ ಒಂದಷ್ಟು ಜಾಗ ತೆಗೆದು ಡಿಸ್ಕ್ ಅಂತ ನಂಬಿಸೋಣ ಅಂದ. ಅದಕ್ಕೆ ರ‍್ಯಾಮ್ ಡಿಸ್ಕ್ ಅಂತ ಹೆಸರು. ಕಂಪ್ಯೂಟರ್ ಶುರುವಾಗುವಾಗ ಮೊದಲು ಓದುವ ಫೈಲೊಂದಿದೆ, ಅದರಲ್ಲಿ ಒಂದು ಸಾಲು ಬರೆದರೆ ಸಾಕು. ಶಂಭುವಿನ ಕೈಯಲ್ಲೇ ಆ ಸಾಲು ಬರೆಸಿದ, ಹದಿನಾರು ಎಂಬಿ ಜಾಗ ಕೊಡಿಸಿದ, ಕಂಪ್ಯೂಟರನ್ನು ಒಮ್ಮೆ ಆರಿಸಿ ಮತ್ತೆ ಶುರು ಮಾಡಿಸಿದ. ಕಪ್ಪು ಸ್ಕ್ರೀನಿನ ಮೇಲೆ, ಇ ಎಂಬ ಹೊಸ ಡ್ರೈವ್ ಹುಟ್ಟಿದೆ ಎಂದು ಬಿಳಿ ಅಕ್ಷರದಲ್ಲಿ ಮೂಡಿತು.

ಏಳು ನಿಮಿಷ ತಿನ್ನುತ್ತಿದ್ದ ಕೆಲಸ ಅಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಶಂಭು ನಂಬದೆ ನಾಲ್ಕು ಸಲ ಮಾಡಿ ನೋಡಿದ. ಚಂದ್ರಶೇಖರ ಅವನಿಗೆ ತಿಳಿಯುವ ಹಾಗೆ ವಿವರಿಸಿದ: ಹಾರ್ಡ್ ಡಿಸ್ಕ್ ಅಂದರೆ ಅಟ್ಟ, ಒಂದು ಚಿಟಿಕೆ ಉಪ್ಪು ಬೇಕಾದರೂ ಏಣಿ ಹತ್ತಬೇಕು, ಇದು ಅಡುಗೆ ಕಟ್ಟೆ, ಎಲ್ಲ ಕೈಯಳತೆಯಲ್ಲೇ ಇರುತ್ತದೆ. ಆದರೆ ಸಂಜೆ ಕೆಲಸ ಮುಗಿಸುವ ಮೊದಲು ಮರೆಯದೆ ಎಲ್ಲವನ್ನೂ ಅಟ್ಟಕ್ಕೆ ಏರಿಸಬೇಕು.

"ಒಂದು ಮಾತ್ರ ನೆನಪಿಟ್ಕೋ ಮಾರಾಯ," ಅಂದ. "ಕರೆಂಟ್ ಹೋಯ್ತು ಅಂದ್ರೆ ಕಟ್ಟೆ ಖಾಲಿ. ಆಮೇಲೆ ದೇವರು ಬಂದ್ರೂ ತೆಗಿಯಕ್ಕಾಗಲ್ಲ."

ಶಂಭು ನಕ್ಕುಬಿಟ್ಟ. ಕರೆಂಟಿನ ಹಣೆಬರಹ ಗೊತ್ತಿಲ್ಲದ ಊರೇ ಅದು? ಲಾರಿ ಬ್ಯಾಟರಿ ಹಾಕಿ ಇನ್ವರ್ಟರ್ ಕೂರಿಸಿಕೊಂಡಿದ್ದ, ನಾಲ್ಕು ಗಂಟೆ ಹೊತ್ತು ಯೋಚನೆಯಿಲ್ಲ. ಗೆಳೆಯನನ್ನು ಬಸ್ಸು ಹತ್ತಿಸಿ ಬಂದವನೇ ತುಂಗಾಳನ್ನು ಕರೆದು ಸ್ಟೂಲಿನ ಮೇಲೆ ಕೂರಿಸಿ ಆ ವೇಗ ತೋರಿಸಿದ. ಅವಳಿಗೆ ವೇಗ ಎಂಥದೂ ಅರ್ಥವಾಗಲಿಲ್ಲ. ಇದರಲ್ಲಿ ಮಗುವಿನ ಫೋಟೋ ಸರಿಯಾಗುತ್ತಾ ಎಂದಷ್ಟೇ ಕೇಳಿದಳು. ಆಗೇ ಆಗುತ್ತೆ, ನಾಳೆ ಸಂಜೆಯೊಳಗೆ ನಿನ್ನ ಕೈಗೆ ಕೊಡುತ್ತೇನೆ ಅಂದ. ಅಟ್ಟದ ಕಥೆ, ಕಟ್ಟೆಯ ಕಥೆ, ಕರೆಂಟು ಹೋದರೆ ಖಾಲಿಯಾಗುವ ಕಥೆ ಯಾವುದನ್ನೂ ಹೇಳಲಿಲ್ಲ. ಜಾಣತನ ತೋರಿಸುವ ಹೊತ್ತಿನಲ್ಲಿ ಅದರ ತೂತು ತೋರಿಸುವ ಅಭ್ಯಾಸ ಗಂಡಸರಿಗೆ ಕಡಿಮೆ.

ಭಾನುವಾರ ಸ್ಟುಡಿಯೋಗೆ ರಜೆ. ಬೆಳಿಗ್ಗೆ ಎಂಟಕ್ಕೆಲ್ಲ ಶಂಭು ಫೋಟೋವನ್ನು ಗೋಡೆಯಿಂದ ಇಳಿಸಿ, ಚೌಕಟ್ಟು ಬಿಚ್ಚಿ, ಗಾಜು ಸಮೇತ ಸ್ಕ್ಯಾನರಿನ ಮೇಲಿಟ್ಟ. ಬೆಳಕಿನ ಗೆರೆ ಒಮ್ಮೆ ಆಚೆಗೆ, ಒಮ್ಮೆ ಈಚೆಗೆ ಹೋಯಿತು. ಪಂಚಮಿ ಸ್ಕ್ರೀನಿನ ಮೇಲೆ ಬಂದಳು. ಅದನ್ನು ಇ ಡ್ರೈವಿಗೆ ಹಾಕಿ ಕೆಲಸ ಶುರು ಮಾಡಿದ. ಹತ್ತು ನಿಮಿಷಕ್ಕೊಮ್ಮೆ ಸೇವ್, ಅಂದುಕೊಳ್ಳುವ ಮೊದಲೇ ಮುಗಿದು ಕೂತಿರುತ್ತಿತ್ತು. ಫ್ರಾಕಿನ ಮೇಲಿನ ಬೂಷ್ಟು ಹೋಯಿತು. ಮೆಟ್ಟಿಲು ಸ್ವಚ್ಛವಾಯಿತು. ಕಿವಿಯ ಪಕ್ಕದ ಕೂದಲು ಎಳೆ ಎಳೆಯಾಗಿ ವಾಪಸ್ ಬಂತು.

ಹನ್ನೆರಡೂವರೆಗೆ ತುಂಗಾ ತಟ್ಟೆ ಹಿಡಿದು ಬಂದಳು. ಸ್ಕ್ರೀನಿನ ತುಂಬ ಮಗಳ ಎರಡು ಕಣ್ಣು. ತಟ್ಟೆ ಹಿಡಿದುಕೊಂಡೇ ಎಷ್ಟೋ ಹೊತ್ತು ನಿಂತಿದ್ದಳು. ಅಳಲಿಲ್ಲ. ಆಮೇಲೆ ಸೆರಗಿನಿಂದ ಸ್ಕ್ರೀನಿನ ಧೂಳು ಒರೆಸಿ, ಬಾಯಿ ಯಾವಾಗ ಬರುತ್ತೆ ಎಂದು ಕೇಳಿದಳು. ಸಂಜೆಗೆ ಅಂದ. ಅವಳು ಪಕ್ಕದ ಹೋಟೆಲಿನ ಮಂಜಯ್ಯನ ಮನೆಗೆ ಹಲಸಿನ ಹಪ್ಪಳ ಹಚ್ಚಲು ಹೋಗುವವಳಿದ್ದಳು. ಹೋಗುವಾಗ ಅವಳ ಮುಖದಲ್ಲಿ ಮೂರು ವರ್ಷದಿಂದ ಕಾಣದಿದ್ದ ಒಂದು ಗೆಲುವು ಇತ್ತು.

ಊಟದ ಹೊತ್ತಿಗೆ ಎಲ್ಲವನ್ನೂ ಒಮ್ಮೆ ಹಾರ್ಡ್ ಡಿಸ್ಕಿಗೆ ಏರಿಸಬಹುದಿತ್ತು. ಶಂಭುವಿಗೆ ಅದು ಹೊಳೆಯದೆ ಇರಲಿಲ್ಲ. ಆದರೆ ಅಲ್ಲಿ ಜಾಗವಿರಲಿಲ್ಲ, ಗಿರಾಕಿಗಳ ಹಳೆಯ ಫೋಟೋ ಅಳಿಸಿ ಜಾಗ ಮಾಡಬೇಕು, ಆಮೇಲೆ ಆ ಕರಕರ, ನಡುವೆ ಅದು ಸುಮ್ಮನಾದರೆ ಮೊದಲಿಂದ ಎಲ್ಲ. ಸಂಜೆ ಒಟ್ಟಿಗೇ ಮಾಡಿದರಾಯಿತು ಅಂದುಕೊಂಡ. ಮಗಳ ವಿಷಯದಲ್ಲಿ ಆ ಬುದ್ಧಿ ಅವನಿಗೆ ಎಷ್ಟು ಪೆಟ್ಟು ಕೊಟ್ಟಿದ್ದರೂ ಬಿಟ್ಟು ಹೋಗಿರಲಿಲ್ಲ.

ಉಳಿದದ್ದು ಬಾಯಿ. ಅಲ್ಲಿ ಬೂಷ್ಟು ಗಾಜಿಗೂ ಫೋಟೋಗೂ ನಡುವೆ ದಪ್ಪಗೆ ಕೂತಿತ್ತು. ಎಷ್ಟು ದೊಡ್ಡದು ಮಾಡಿ ನೋಡಿದರೂ ಕಂದು ಬಣ್ಣದ ಚೌಕಗಳೇ. ತಾನೇ ಒಂದು ತುಟಿ ಬರೆದ, ಬೇರೆ ಯಾರದೋ ಮಗು ಬಂದು ಕೂತ ಹಾಗಾಯಿತು, ಅಳಿಸಿದ. ಇನ್ನೊಂದು ಬರೆದ, ಅಳಿಸಿದ. ಮೂರು ಗಂಟೆಯ ಹೊತ್ತಿಗೆ ತಲೆ ಕೆಟ್ಟುಹೋಯಿತು. ಫೋಟೋವನ್ನು ಗಾಜಿನಿಂದ ಬಿಡಿಸಿದರೆ ಅಡಿಯಲ್ಲಿ ಬಾಯಿ ಚೆನ್ನಾಗೇ ಇರಬಹುದು, ಅದನ್ನು ಇನ್ನೊಮ್ಮೆ ಸ್ಕ್ಯಾನ್ ಮಾಡಿ ಕೂಡಿಸಿದರೆ ಮುಗಿಯಿತು ಅನ್ನಿಸಿತು. ಗಾಜಿಗೆ ಅಂಟಿದ ಫೋಟೋವನ್ನು ನೀರಿನಲ್ಲಿ ನೆನೆಸಿ ಬಿಡಿಸುವುದು ಸ್ಟುಡಿಯೋದವರಿಗೆ ಹೊಸದಲ್ಲ. ನೂರು ಗಿರಾಕಿಗಳಿಗೆ ಮಾಡಿಕೊಟ್ಟಿದ್ದಾನೆ. ಅದೂ ಅಲ್ಲದೆ ಮಗಳು ಕಂಪ್ಯೂಟರಿನೊಳಗೆ ಭದ್ರವಾಗಿದ್ದಾಳಲ್ಲ. ಆ ಧೈರ್ಯವಿಲ್ಲದಿದ್ದರೆ ಅವನು ಆ ಗಾಜನ್ನು ನೀರಿಗೆ ಮುಟ್ಟಿಸುತ್ತಿರಲಿಲ್ಲ.

ಡೆವಲಪಿಂಗ್ ಟ್ರೇಯಲ್ಲಿ ಉಗುರುಬೆಚ್ಚನೆ ನೀರು ಹಾಕಿ ಮುಳುಗಿಸಿದ. ಐದು ನಿಮಿಷಕ್ಕೆ ಅಂಚು ಬಿಟ್ಟಿತು. ಹತ್ತು ನಿಮಿಷಕ್ಕೆ ಹಾಳೆ ತಾನಾಗಿ ಜಾರಿತು. ಎತ್ತಿದ. ಕೈಗೆ ಬಂದದ್ದು ಬರೀ ಬಿಳಿ ಕಾಗದ. ಬೂಷ್ಟು ತಿಂದು ಟೊಳ್ಳಾಗಿದ್ದ ಬಣ್ಣದ ಪದರ ಪೂರ್ತಿ ಕರಗಿ ನೀರಿಗೆ ಇಳಿದಿತ್ತು. ಫ್ರಾಕಿನ ಕೆಂಪು ಒಂದು ಕಡೆ, ಕೂದಲಿನ ಕಪ್ಪು ಒಂದು ಕಡೆ ತೇಲುತ್ತಿದ್ದವು. ಅವನು ಟ್ರೇಗೆ ಎರಡೂ ಕೈ ಹಾಕಿ ಹಿಡಿಯಲು ನೋಡಿದ. ಬೆರಳ ಸಂದಿಯಲ್ಲಿ ಲೋಳೆಯಂತೆ ನುಣುಚಿಕೊಂಡು ಹೋಯಿತು.

ಆದರೂ ಒಂದು ಸಮಾಧಾನವಿತ್ತು. ಸ್ಕ್ರೀನಿನ ಮೇಲೆ ಅವಳಿದ್ದಳು, ಬಾಯಿಯಿಲ್ಲದಿದ್ದರೂ ಇದ್ದಳು. ಆ ಧೈರ್ಯದ ಮೇಲೆ ಟ್ರೇ ಎತ್ತಿಕೊಂಡು ಹಿತ್ತಿಲಿಗೆ ಹೋದ. ನೀರು ಚೆಲ್ಲಬೇಕು, ಆದರೆ ಎಲ್ಲಿ ಚೆಲ್ಲುವುದು ಎಂದು ತಿಳಿಯಲಿಲ್ಲ. ಬಚ್ಚಲಿಗೆ ಸುರಿಯಲು ಮನಸ್ಸು ಬರಲಿಲ್ಲ. ದಾಸವಾಳದ ಬುಡಕ್ಕೆ ಹೋದ, ಅಲ್ಲಿಂದ ತುಳಸಿಕಟ್ಟೆಯ ಹತ್ತಿರ ಹೋದ, ವಾಪಸ್ ಬಂದ. ಟ್ರೇ ಹಿಡಿದುಕೊಂಡು ಹಿತ್ತಿಲ ನಡುವೆ ನಿಂತುಬಿಟ್ಟ. ಚಾರ್ಮಾಡಿಯ ಕಡೆ ಗುಡುಗಿತು. ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಗುಡುಗಿನ ವಿಷಯದಲ್ಲಿ ಆ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಮಲೆನಾಡಿನಲ್ಲಿ ಎಲ್ಲರ ಮನೆಯಲ್ಲೂ ಇರುವುದೇ, ಇಲ್ಲಿ ಸ್ವಲ್ಪ ಬಿಗಿ. ಎರಡು ವರ್ಷದ ಹಿಂದೆ ಇಂಥದೇ ಏಪ್ರಿಲ್ ಮಳೆಯಲ್ಲಿ ಸಿಡಿಲು ತಂತಿಯ ಮೇಲೆ ಬಂದು ಸ್ಟುಡಿಯೋದ ಫೋನು, ಫ್ಲ್ಯಾಶಿನ ಚಾರ್ಜರು ಎರಡನ್ನೂ ಸುಟ್ಟು ಹಾಕಿತ್ತು. ಅವತ್ತು ತುಂಗಾ ಬಟ್ಟೆ ಎತ್ತಲು ಹೋಗಿ ಪ್ಲಗ್ ಎಳೆಯುವುದು ತಡವಾಗಿತ್ತು. ಒಂದು ಪ್ಲಗ್ ಎಳೆಯುವ ಯೋಗ್ಯತೆ ಇಲ್ಲವೇ ಎಂದು ಶಂಭು ಬೀದಿಗೆ ಕೇಳುವ ಹಾಗೆ ಬೈದಿದ್ದ. ಮಗು ಸತ್ತ ಮೇಲೆ ಅವಳು ಯಾವುದಕ್ಕೂ ತಿರುಗಿ ಮಾತಾಡುತ್ತಿರಲಿಲ್ಲ, ಅದಕ್ಕೂ ಆಡಲಿಲ್ಲ. ಆದರೆ ಅಲ್ಲಿಂದೀಚೆಗೆ ಮೊದಲ ಗುಡುಗಿಗೆ ಎಲ್ಲಿದ್ದರೂ ಓಡಿಬಂದು ಮನೆಯ ಮೂರು, ಸ್ಟುಡಿಯೋದ ನಾಲ್ಕು ಪ್ಲಗ್ಗು ಕಿತ್ತ ಮೇಲೇ ಬೇರೆ ಕೆಲಸ. ಶಂಭು ಕರೆಂಟು ಹೋಗುವುದಕ್ಕೆ ಬ್ಯಾಟರಿ ಇಟ್ಟಿದ್ದ. ತಾನೇ ಬೈದು ಕಲಿಸಿದ ಆ ಕೈಯನ್ನು ಲೆಕ್ಕಕ್ಕೆ ತಗೊಂಡಿರಲಿಲ್ಲ.

ಎರಡನೆಯ ಗುಡುಗಿಗೆ ಅವನಿಗೆ ಎಚ್ಚರವಾಯಿತು. ಟ್ರೇಯನ್ನು ಅಲ್ಲೇ ಕಲ್ಲಿನ ಮೇಲಿಟ್ಟು ಓಡಿದ.

ಸ್ಟುಡಿಯೋದೊಳಗೆ ತುಂಗಾ ಗೋಡೆಯ ಪಕ್ಕ ನಿಂತಿದ್ದಳು. ಕೈಗೆ ಮೊಣಕೈವರೆಗೆ ಹಲಸಿನ ಹಿಟ್ಟು ಮೆತ್ತಿತ್ತು, ಏದುಸಿರು ಬಿಡುತ್ತಿದ್ದಳು. ಬಲಗೈಯಲ್ಲಿ ಕಂಪ್ಯೂಟರಿನ ಪ್ಲಗ್ಗು. ಸ್ಕ್ರೀನು ಕಪ್ಪಗಿತ್ತು. ಮಂಜಯ್ಯನ ಮನೆಯವರೆಲ್ಲ ಮಾಡಿನ ಮೇಲೆ ಒಣಗಿಸಿದ ಹಪ್ಪಳ ಎತ್ತಲು ಓಡಿದ್ದರಂತೆ, ಇವಳು ತನ್ನ ಪಾಲಿನ ಹಪ್ಪಳವನ್ನು ಮಳೆಗೆ ಬಿಟ್ಟು ಇತ್ತ ಓಡಿಬಂದಿದ್ದಳು.

"ಸರಿ ಹೊತ್ತಿಗೆ ಬಂದೆ ನೋಡಿ," ಅಂದಳು. ಅವಳ ಮುಖ ಬೆಳಗುತ್ತಿತ್ತು. "ಇಲ್ದಿದ್ರೆ ಮಗು ಸುಟ್ಟು ಹೋಗ್ತಿತ್ತು."

ಒಳ್ಳೇದಾಯಿತು ಅಂದ ಶಂಭು. ಅದನ್ನು ಹೇಗೆ ಅಂದನೋ ಅವನಿಗೇ ಗೊತ್ತಿಲ್ಲ. ಅವಳು ಕೈ ತೊಳೆಯಲು ಹೋದ ಮೇಲೆ ಆ ಸ್ಟೂಲಿನ ಮೇಲೆ ಕೂತ. ಗುಡುಗು ಮಿಂಚು ಸಂಜೆಯವರೆಗೂ ಬಿಡಲಿಲ್ಲ. ಮಳೆ ನಿಲ್ಲದೆ ಪ್ಲಗ್ಗು ಹಾಕುವ ಮಾತೇ ಇಲ್ಲ ಎಂದು ತುಂಗಾ ಕಟ್ಟಪ್ಪಣೆ ಮಾಡಿದಳು. ಅದು ಅವನಿಗೆ ಒಂದು ನೆಪವಾಯಿತು. ಊಟಕ್ಕೆ ಕೂತಾಗ ಅವಳು, ಫೋಟೋವನ್ನು ಎಷ್ಟು ದೊಡ್ಡದು ಮಾಡಿಸೋಣ, ಗಾಜು ಬೇಡ ಅಲ್ವಾ, ಗಾಜಿಲ್ಲದೆ ಇಟ್ಟರೆ ಅಂಟಲ್ಲ ಎಂದೆಲ್ಲ ಮಾತಾಡಿದಳು. ಇವನು ಹೂಂಗುಟ್ಟಿದ. ಕಣ್ಣು ಮುಚ್ಚಿ ಮಗಳ ಮುಖ ತಂದುಕೊಳ್ಳಲು ನೋಡಿದ. ಇಡೀ ದಿನ ಚೌಕ ಚೌಕವಾಗಿ ನೋಡಿ ನೋಡಿ, ಬಂದದ್ದು ಬರೀ ಚೌಕಗಳು. ಬೆಳಿಗ್ಗೆ ತನಕ ನೆನಪಿದ್ದ ಕಣ್ಣುಗಳೂ ಈಗ ಬರಲಿಲ್ಲ.

ಸೋಮವಾರ ಆಕಾಶ ತೊಳೆದಿಟ್ಟ ಹಾಗಿತ್ತು. ಏಳು ಗಂಟೆಗೆ ತುಂಗಾ ಸ್ನಾನ ಮಾಡಿ, ತಲೆಗೆ ಬಟ್ಟೆ ಸುತ್ತಿಕೊಂಡು ಸ್ಟುಡಿಯೋಗೆ ಬಂದಳು. ತಾನೇ ಬಗ್ಗಿ ಪ್ಲಗ್ಗು ಸಿಕ್ಕಿಸಿ, ಹಾಕಿ, ನೋಡ್ತೀನಿ ಅಂದಳು. ಶಂಭು ಸ್ವಿಚ್ ಒತ್ತಿದ. ಇನ್ನೇನೂ ಉಳಿದಿರುವುದಿಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಬಿಳಿ ಅಕ್ಷರಗಳು ಒಂದೊಂದಾಗಿ ಮೂಡುವಾಗ ಸ್ಕ್ರೀನಿನ ಹತ್ತಿರಕ್ಕೆ ಬಗ್ಗಿದ. ಇ ಡ್ರೈವ್ ಹುಟ್ಟಿತು. ಒಳಗೆ ಏನಿದೆ ಎಂದು ಕಂಪ್ಯೂಟರನ್ನು ಕೇಳಿದ. ಫೈಲು ಯಾವುದೂ ಇಲ್ಲ ಎಂದು ಬಂತು. ಇನ್ನೊಮ್ಮೆ ಕೇಳಿದ. ಅದೇ ಉತ್ತರ ಬಂತು.

ತುಂಗಾಳಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ, ಗಂಡನ ಮುಖ ಓದಲು ಬರುತ್ತಿತ್ತು. ಗೋಡೆಯ ಫೋಟೋ ಎಲ್ಲಿ ಎಂದು ಮೊದಲು ಕೇಳಿದಳು. ನೀರಿಗೆ ಹಾಕಿದೆ, ಬಣ್ಣ ಬಿಟ್ಟುಹೋಯಿತು ಅಂದ. ಅವಳು ಸ್ಟೂಲಿನ ಮೇಲೆ ಕೂತಳು. ಕಂಪ್ಯೂಟರನ್ನೂ ಗೋಡೆಯ ಪ್ಲಗ್ಗನ್ನೂ ನೋಡಿದಳು.

"ನಾನು ಪ್ಲಗ್ ತೆಗೆದಿದ್ದಕ್ಕಾ?"

ಹೂಂ ಅಂದಿದ್ದರೆ ಮುಗಿಯುತ್ತಿತ್ತು, ಅದು ನಿಜವೂ ಆಗಿತ್ತು. ಆಮೇಲೆ ಇವಳು ಇರುವಷ್ಟು ದಿನ, ಪ್ರತಿ ಸಲ ಅನ್ನ ಕಲಸುವಾಗ ತನ್ನ ಬಲಗೈ ನೋಡಿಕೊಳ್ಳುತ್ತಾಳೆ. ಜೀಪಿನಲ್ಲಿ ಘಾಟಿ ಇಳಿಯುವಾಗ ಮಗು ಇದ್ದದ್ದು ಇವಳ ಮಡಿಲಲ್ಲೇ. ಇನ್ನು ಇದನ್ನೂ ಅವಳ ತಲೆಗೆ ಕಟ್ಟುವುದು ಶಂಭುವಿನಿಂದ ಆಗಲಿಲ್ಲ.

"ಅಲ್ಲ," ಅಂದ. "ನೀನು ಬರೋಕೆ ಮುಂಚೆನೇ ಹೋಗಿತ್ತು. ಬೇರೆ ಯಾವ್ದೋ ಅಳಿಸಕ್ಕೆ ಹೋಗಿ ನಾನೇ ಅಳಿಸ್ಬಿಟ್ಟೆ."

"ನೀವೇ?"

"ಹೂಂ."

ಅವಳು ನಂಬಿದಳು. ನಂಬಲು ಕಷ್ಟವೇನೂ ಆಗಲಿಲ್ಲ, ಅದು ಅವನಿಗೆ ಕಾಣಿಸಿತು.

"ಒಂದು ಫೋಟೋ ತೆಗೀರಿ ಅಂತ ನಾಲ್ಕು ವರ್ಷ ಹೇಳ್ದೆ. ನಿಮಗೆ ಪುರುಸೊತ್ತಾಗ್ಲಿಲ್ಲ," ಅಂದಳು. ದನಿ ಏರಿರಲಿಲ್ಲ. "ಅಳಿಸಕ್ಕೆ ಆಯ್ತು."

ಎದ್ದು ಮನೆಗೆ ಹೋದಳು. ಶಂಭು ತಡೆಯಲಿಲ್ಲ. ಅವಳು ಹೇಳಿದ್ದರಲ್ಲಿ ಮೊದಲನೆಯ ಮಾತು ನಿಜವಾಗಿತ್ತು. ಅದು ನಿಜವಾಗಿದ್ದರಿಂದ ಎರಡನೆಯದನ್ನೂ ಅವನು ತನ್ನದೆಂದೇ ಇಟ್ಟುಕೊಂಡ.